ಕೂಪನ್ನಿನಲ್ಲಿ ಇಲ್ಲದ ಹಾಡು

ಉಮರ್ಗಾದ ನಮ್ಮ ಮನೆಗೆ ಇಂಟರ್ನೆಟ್ಟಿನ ತಂತಿ ಬಂದದ್ದು ಒಂದು ಸಂತೆಯ ದಿನ. ತಂದವನು ನಮ್ಮ ಹಿಂದಿನ ಗಲ್ಲಿಯವನು. ಊರಿಗೆ ಮೊದಲು ಟಿವಿಯ ಕೇಬಲ್ ಹಾಕಿದ್ದ, ಆಮೇಲೆ ಅದೇ ಕಂಬಗಳ ಮೇಲೆ ಇಂಟರ್ನೆಟ್ ಎಳೆಯತೊಡಗಿದ. ಎಲ್ಲರಿಗೂ ಅವನು ಕೇಬಲ್‌ವಾಲಾ. ಆಳುಗಳಿದ್ದರೂ ಕಂಬವನ್ನು ತಾನೇ ಹತ್ತುತ್ತಿದ್ದ. ಅವತ್ತು ಪಕ್ಕದ ಮಾಳಿಗೆಯಿಂದ ನಮ್ಮ ಮಾಳಿಗೆಗೆ ತಂತಿಯ ಸುರುಳಿ ಎಸೆದು, "ಬಾಯಿ, ಜರಾ ಗಟ್ಟಿ ಹಿಡೀರಿ, ಬಿಟ್ಟರ ನಾಲಿಯೊಳಗ ಬೀಳ್ತದ" ಅಂದ. ನಮ್ಮದು ಗಡಿಯಾಚೆಯ ಮರಾಠಿ ಸೀಮೆ, ಅಲ್ಲಿಯ ರೂಢಿಯಂತೆ ಶಾಲೆಯ ಶಿಕ್ಷಕಿಯನ್ನು ಬಾಯಿ ಎಂದೇ ಕರೆಯುತ್ತಾರೆ. ನಾನು ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದೆ. ಎರಡೂ ಕೈಯಿಂದ ತಂತಿ ಹಿಡಿದು ನಿಂತೆ.

ಆ ದಿನಗಳನ್ನು ನೆನೆದರೆ ನಮ್ಮ ಪಡಸಾಲೆಯೇ ಕಣ್ಣ ಮುಂದೆ ಬರುತ್ತದೆ. ಪರೀಕ್ಷೆಯ ಫಲಿತಾಂಶ ಬರುವ ದಿನ ಗಲ್ಲಿಯ ಅರ್ಧ ಮಂದಿ ಅಲ್ಲೇ ಕೂತಿರುತ್ತಿದ್ದರು. ಪುಟ ತೆರೆಯಲು ಎಷ್ಟು ಹೊತ್ತು ಬೇಕಾಗುತ್ತಿತ್ತೆಂದರೆ ಅಷ್ಟರಲ್ಲಿ ಅವ್ವ ಎರಡು ಸುತ್ತು ಚಹಾ ಮಾಡುತ್ತಿದ್ದಳು. ಸಂಪರ್ಕ ನಿಂತರೆ ಕೇಬಲ್‌ವಾಲಾನಿಗೆ ಫೋನ್ ಮಾಡುವ ಗೊಡವೆ ಇರಲಿಲ್ಲ. ಮಾಳಿಗೆ ಹತ್ತಿ ಕೂಗಿದರೆ ಸಾಕು, ಎಲ್ಲಿದ್ದರೂ ಬರುತ್ತಿದ್ದ.

ನನ್ನ ಅಪ್ಪ ಜಂಗಮ. ದಾಳಿಂಬ, ಯೆಣೆಗೂರಿನ ಕಡೆ ಹತ್ತಾರು ಮನೆಗಳಿಗೆ ಪೂಜೆ, ಅಯ್ಯಾಚಾರದ ದೀಕ್ಷೆಗೆ ಹೋಗುತ್ತಿದ್ದ. ಚಿಕ್ಕವಳಿದ್ದಾಗ ನಾನೂ ಅವನ ಹಿಂದೆ ನಡೆದುಕೊಂಡು ಹೋಗುತ್ತಿದ್ದೆ. ದಾಳಿಂಬದ ಅಂಚಿನಲ್ಲಿ ಕುರಿ ಸಾಕುವವರ ಒಂದು ಮನೆಯಿತ್ತು, ಕುರುಬರ ದೇವರು ಬೀರಪ್ಪನ ಒಕ್ಕಲು. ಅಪ್ಪ ಅಲ್ಲಿ ನೀರು ಕುಡಿಯಲು ನಿಲ್ಲುತ್ತಿದ್ದ. ಆ ಮನೆಯ ಹೆಂಗಸು ಬೀಸುವಾಗ ಬೀರಪ್ಪನ ಹಾಡು ಹೇಳುತ್ತಿದ್ದಳು. ಹಾಡು ಮುಗಿಯುವ ತನಕ ಅಪ್ಪ ಚೊಂಬನ್ನು ಕೆಳಗಿಡುತ್ತಿರಲಿಲ್ಲ. ನೀರು ಯಾವಾಗಲೋ ಮುಗಿದಿರುತ್ತಿತ್ತು.

ಅಪ್ಪ ತೀರಿದ ಮೇಲೆ ಆ ಮನೆಗಳಿಗೆ ಹೋಗಲು ನನಗೊಂದು ನೆಪ ಬೇಕಿತ್ತು. ಫೋನು ಹಿಡಿದು ಹೋಗಿ ಹಾಡುಗಳನ್ನು ತುಂಬಿಕೊಂಡು ಬರತೊಡಗಿದೆ. ಆ ಹೆಂಗಸು ಆಗ ಅಜ್ಜಿಯಾಗಿದ್ದಳು. ಫೋನನ್ನು ಅವಳ ಮುಂದೆ ಹಿಡಿದಾಗ, "ಇದರಾಗ ಎಷ್ಟು ಹಿಡೀತದ?" ಅಂತ ಕೇಳಿದಳು. "ಎಷ್ಟು ಹಾಡ್ತೀರಿ ಅಷ್ಟು" ಅಂದೆ. "ಹಂಗಾದ್ರ ನನಗ ಮೂರು ದಿನಾ ಬೇಕು" ಅಂದು ಸೆರಗು ಸರಿಮಾಡಿಕೊಂಡು ಕೂತಳು.

ಆ ಹಾಡುಗಳನ್ನೆಲ್ಲ ಇಡಲು ನಾನೇ ಕಲಿತು ಇಂಟರ್ನೆಟ್ಟಿನಲ್ಲಿ ಒಂದು ಪುಟ ಮಾಡಿದೆ. ನೋಡಲು ಚೆಂದವಿರಲಿಲ್ಲ, ಬಿಳಿಯ ಹಾಳೆಯ ಮೇಲೆ ಹಾಡಿನ ಮೊದಲ ಸಾಲು, ಒತ್ತಿದರೆ ದನಿ. ಯಾರು ಕೇಳುತ್ತಾರೆಂದು ನಾನು ಯೋಚಿಸಿರಲಿಲ್ಲ.

ಕೇಳುವವರು ನಿಲಂಗಾದಲ್ಲಿ ಸಿಕ್ಕರು. ಆ ವರ್ಷ ಕೇಬಲ್‌ವಾಲಾ ಉಮರ್ಗಾದಿಂದ ನಿಲಂಗಾ, ಉದಗೀರದ ತನಕ ದಾರಿಯ ಢಾಬಾ ಮತ್ತು ಚಹಾದ ಅಂಗಡಿಗಳಲ್ಲಿ ವೈಫೈ ಪೆಟ್ಟಿಗೆ ಹಾಕಿದ್ದ. ಅಂಗಡಿಯವನಿಂದ ಕೂಪನ್ ಕೊಂಡು, ಅದರ ಮೇಲಿನ ಸಂಖ್ಯೆ ಒತ್ತಿದರೆ ಫೋನಿಗೆ ಇಂಟರ್ನೆಟ್ ಬರುತ್ತಿತ್ತು. ನಾನು ಉದಗೀರಕ್ಕೆ ತರಬೇತಿಗೆ ಹೊರಟಿದ್ದೆ. ಬಸ್ಸು ನಿಲಂಗಾದಲ್ಲಿ ನಿಂತಾಗ ಇಳಿದೆ. ಚಹಾದ ಅಂಗಡಿಯ ಮುಂದೆ ಏಳೆಂಟು ಮಂದಿ ಕುರುಬರು ಕೂತಿದ್ದರು, ಹೆಗಲ ಮೇಲೆ ಕಂಬಳಿ. ನಡುವೆ ಒಂದು ಸ್ಟೀಲಿನ ಡಬರಿ, ಅದರೊಳಗೆ ಫೋನು, ದನಿ ದೊಡ್ಡದಾಗಿ ಕೇಳಲೆಂದು. ದನಿ ದಾಳಿಂಬದ ಅಜ್ಜಿಯದು. ಪಕ್ಕದಲ್ಲಿ ಕೂತಿದ್ದ ಮುದುಕ ಅವಳ ಗಂಡ. ಸುಗ್ಗಿ ಮುಗಿದ ಮೇಲೆ ಅವರು ಕುರಿ ಹೊಡೆದುಕೊಂಡು ಈ ಕಡೆಯ ಹೊಲಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಮಂದೆ ತರುಬುತ್ತಾ ತಿಂಗಳುಗಟ್ಟಲೆ ತಿರುಗುತ್ತಾರೆ.

"ಅಜ್ಜಾ, ಯಾರು ಹಾಡ್ಲಿಕತ್ತಾರ?" ಅಂತ ಗೊತ್ತಿಲ್ಲದವಳಂತೆ ಕೇಳಿದೆ.

"ಮನ್ಯಾಕಿ" ಅಂದ. ಸ್ವಲ್ಪ ಹೊತ್ತು ಕೇಳಿ, "ಮನ್ಯಾಗ ಬೈತಾಳ, ಇಲ್ಲಿ ಹಾಡ್ತಾಳ. ಇದೇ ಚಲೋ ಅದ" ಅಂದ.

ಎಲ್ಲರೂ ನಕ್ಕರು. ಹಾಡು ತುಂಬಿಕೊಂಡವಳು ನಾನೇ ಎಂದು ಹೇಳಿದ ಮೇಲೆ ಅಂಗಡಿಯವನು ನನ್ನಿಂದ ಚಹಾದ ದುಡ್ಡು ತೆಗೆದುಕೊಳ್ಳಲಿಲ್ಲ. ಬಸ್ಸು ಉದಗೀರ ಮುಟ್ಟುವ ತನಕ ನಾನು ಕಿಟಕಿಯ ಆಚೆಯ ತೊಗರಿಯನ್ನೇ ನೋಡುತ್ತಿದ್ದೆ, ಆದರೆ ಏನೂ ಕಾಣುತ್ತಿರಲಿಲ್ಲ. ಅಷ್ಟು ಸಂತೋಷ ನನಗೆ ನೌಕರಿ ಸಿಕ್ಕ ದಿನವೂ ಆಗಿರಲಿಲ್ಲ.

ಅದೇ ವರ್ಷ ನಾನು ಮಾಡಿದ ಇನ್ನೊಂದು ಕೆಲಸವನ್ನೂ ಹೇಳಬೇಕು. ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರ ಬಂದಿತ್ತು. ಮಕ್ಕಳು ವಿಡಿಯೋ ನೋಡುತ್ತಾ ಕೂತಿರುತ್ತಾರೆಂದು ಪಾಲಕರ ದೂರು. ಹೆಡ್‌ಮಾಸ್ತರರು ನನ್ನನ್ನು ಕರೆದು, "ಬಾಯಿ, ನಿಮ್ಮ ಅಕ್ಷರ ಚಲೋ ಅದ. ಕೇಬಲ್‌ವಾಲಾಗ ಒಂದು ಚಿಟ್ಠಿ ಬರೀರಿ, ಪರೀಕ್ಷಾ ಮುಗಿಯೋ ತನಾ ವಿಡಿಯೋ ಬಂದ್ ಇಡು ಅಂತ" ಅಂದರು. ನಾನು ಸಂತೋಷದಿಂದಲೇ ಬರೆದು ಮೊದಲ ಸಹಿ ಹಾಕಿದೆ. ಪಾಲಕರು ಸಾಲಾಗಿ ನಿಂತು ಸಹಿ ಹಾಕಿದರು. ಕೇಬಲ್‌ವಾಲಾ ಓದಿ, "ಹಿಂಗೂ ಮಾಡಬಹುದೇನು? ನನ್ನ ತಲ್ಯಾಗ ಬಂದೇ ಇರಲಿಲ್ಲ" ಅಂದ. ಮರುದಿನದಿಂದ ಊರಿನಲ್ಲಿ ವಿಡಿಯೋ ನಿಂತವು.

ಗಲ್ಲಿ ಗಲ್ಲಿಯಲ್ಲಿ ಹೊಗಳಿಕೆ. ಹೋಳಿ ಹುಣ್ಣಿಮೆಯ ದಿನ ಒಬ್ಬ ತಾಯಿ ಡಬ್ಬಿಯ ತುಂಬ ಹೂರಣದ ಹೋಳಿಗೆ ತಂದುಕೊಟ್ಟಳು. ನಾನು ಬೀಗಿದ್ದೆ, ಸುಳ್ಳು ಹೇಳಬಾರದು. ಒಬ್ಬಳು ಮಾತ್ರ ಬೇರೆ ಮಾತು ಆಡಿದ್ದಳು. ಯೆಣೆಗೂರಿನಿಂದ ಬಂದು ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದ ನನ್ನ ವಿದ್ಯಾರ್ಥಿನಿ. ಶಾಲೆ ಬಿಟ್ಟ ಮೇಲೆ ಬಂದು ಬಾಗಿಲಲ್ಲಿ ನಿಂತಳು.

"ಬಾಯಿ, ನಾ ಗಣಿತ ವಿಡಿಯೋದಾಗೇ ಕಲೀತಿದ್ನಿ. ಅದೂ ಬಂದ್ ಆಗ್ಯಾದ್ರಿ."

"ಪುಸ್ತಕ ಅದಲ್ಲ. ಪುಸ್ತಕ ಓದು" ಅಂದೆ. ಅವಳು ತಲೆಯಾಡಿಸಿ ಹೋದಳು. ಹೇಗೋ ಪಾಸಾದಳು, ಆದರೆ ಮುಂದೆ ವಿಜ್ಞಾನ ತೆಗೆದುಕೊಳ್ಳುವಷ್ಟು ಅಂಕ ಬರಲಿಲ್ಲ. ಅವಳು ಬಾಗಿಲಲ್ಲಿ ನಿಂತಿದ್ದ ರೀತಿ ನನಗೆ ಈಗಲೂ ನೆನಪಿದೆ.

ಪರೀಕ್ಷೆ ಮುಗಿದು ವಿಡಿಯೋ ಮರಳಿ ಬಂದವು. ಮಳೆಗಾಲ ಕಳೆಯುವಷ್ಟರಲ್ಲಿ ಕೇಬಲ್‌ವಾಲಾ ಹೊಸ ಕೂಪನ್ ತಂದ. ದೊಡ್ಡ ಕೂಪನ್ನಿನಲ್ಲಿ ಎಲ್ಲವೂ ತೆರೆಯುತ್ತಿತ್ತು. ಸಸ್ತಾ, ಅಂದರೆ ಅಗ್ಗದ ಕೂಪನ್ನಿನಲ್ಲಿ ಅವನು ಮಾಡಿದ ಒಂದು ಪಟ್ಟಿ ಮಾತ್ರ: ಕ್ರಿಕೆಟ್ಟು, ಸಿನೆಮಾ ಹಾಡು, ಮೆಸೇಜು, ಎರಡು ಮರಾಠಿ ಪೇಪರು, ಅವನದೇ ಊರ ಸುದ್ದಿಯ ಚಾನೆಲ್ಲು. ಕುರುಬರು, ಟ್ರ್ಯಾಕ್ಟರಿನವರು, ಢಾಬಾದ ಆಳುಗಳು ಸಸ್ತಾ ಕೂಪನ್ನನ್ನೇ ಕೊಳ್ಳುತ್ತಿದ್ದರು. ಅದರಲ್ಲಿ ನನ್ನ ಪುಟ ಒತ್ತಿದರೆ, ಈ ಸೇವೆ ನಿಮ್ಮ ಕೂಪನ್ನಿನಲ್ಲಿ ಇಲ್ಲ ಎಂಬ ಒಂದೇ ಸಾಲು ಮರಾಠಿಯಲ್ಲಿ ಬರುತ್ತಿತ್ತು. ನಮ್ಮ ಮನೆಯಲ್ಲಿದ್ದದ್ದು ಪೂರ್ತಿ ಸಂಪರ್ಕ, ಆದ್ದರಿಂದ ನನಗೆ ಇದು ಗೊತ್ತೇ ಆಗಲಿಲ್ಲ.

ಗೊತ್ತಾದದ್ದು ಅಜ್ಜಿ ಶಾಲೆಗೆ ಬಂದಾಗ. ದಾಳಿಂಬದಿಂದ ಶೇರ್ ಆಟೋದಲ್ಲಿ ಬಂದು ಬೇವಿನ ಗಿಡದ ಕೆಳಗೆ ಕೂತಿದ್ದಳು. ಬಿಡುವಿನಲ್ಲಿ ಹೊರಗೆ ಬಂದೆ.

"ನನ್ನ ಹಾಡು ತಗದು ಒಗದೀಯೇನು?" ಅಂದಳು. ಸಿಟ್ಟಿರಲಿಲ್ಲ, ಅಂಜಿಕೆಯಿತ್ತು.

"ಇಲ್ಲಲ್ಲ. ಯಾಕ?"

"ಮನ್ಯಾಂವ ನಿಲಂಗಾದಿಂದ ಫೋನ್ ಮಾಡಿದ್ದ. ಈಗ ಬರಂಗಿಲ್ಲಂತ. ನಾ ಎಲ್ಲ್ಯಾರ ತಪ್ಪು ಹಾಡೀನೇನು? ಯಾರಾರ ಏನಾರ ಅಂದಾರೇನು?"

ತನ್ನ ಹಾಡಿನಲ್ಲಿ ದೋಷ ಇತ್ತೆಂದು ನಾನು ತೆಗೆದಿದ್ದೇನೆ ಎಂದು ಅವಳು ತಿಳಿದಿದ್ದಳು. ನನ್ನ ಫೋನಿನಲ್ಲಿ ತೆರೆದು ಕೇಳಿಸಿದೆ. ತನ್ನ ದನಿ ಕೇಳಿ ಅವಳ ಮುಖ ಸಡಿಲಾಯಿತು. "ಮತ್ತ ಅಲ್ಲಿ ಯಾಕ ಬರಂಗಿಲ್ಲ?" ಅಂದಳು. ಶಾಲೆ ಬಿಟ್ಟ ಮೇಲೆ ಇಬ್ಬರೂ ಕೂಡಿ ಕೇಬಲ್‌ವಾಲಾನ ಆಫೀಸಿಗೆ ಹೋದೆವು.

ಆಫೀಸು ಬಸ್‌ಸ್ಟ್ಯಾಂಡಿನ ಎದುರು, ಔಷಧದ ಅಂಗಡಿಯ ಮೇಲೆ. ಒಳಗೆ ಫ್ಯಾನು ತಿರುಗುತ್ತಿತ್ತು, ಗೋಡೆಯ ತುಂಬ ಮಿಣಿಮಿಣಿ ದೀಪದ ಪೆಟ್ಟಿಗೆಗಳು. ನಮ್ಮನ್ನು ಕಂಡು ಅವನು ಎದ್ದು ಕುರ್ಚಿ ಕೊಟ್ಟ. ಅಜ್ಜಿ ಕುರ್ಚಿ ಬಿಟ್ಟು ನೆಲದ ಮೇಲೆ ಕೂತಳು. ನಾನು ವಿಷಯ ಹೇಳಿದೆ.

"ಬಾಯಿ, ಖರೇ ಹೇಳ್ತೀನಿ" ಅಂದ. "ಮ್ಯಾಲಿಂದ ನನಗ ಬರೋ ಲೈನ್ ಇಷ್ಟೇ ಅದ. ಎಲ್ಲಾ ಬಿಟ್ಟರ ಎಲ್ಲರದೂ ನಿಂದರತದ. ಬಡ ಮಂದಿಗಿ ಸಸ್ತಾದಾಗ ಏನರ ಸಿಗ್ಲಿ ಅಂತ ಇದು ಮಾಡೀನಿ."

"ಪಟ್ಟಿ ಯಾರು ಮಾಡ್ಯಾರ?"

"ನಾನೇ. ಮಂದಿ ಏನು ಜಾಸ್ತಿ ನೋಡ್ತಾರ, ಅದು ಹಾಕೀನಿ."

"ಇವರ ಹಾಡು ಕೇಳೋ ಮಂದೀನೂ ಇದ್ದಾರ."

"ಇದ್ದಾರ ಅಂತ ಈಗ ಗೊತ್ತಾಯ್ತಲ್ರಿ. ಹಾಕಿ ಬಿಡ್ತೀನಿ. ಎರಡು ಮಿನಿಟಿನ ಕೆಲಸ" ಅಂದು ಕಂಪ್ಯೂಟರಿನ ಕಡೆ ತಿರುಗಿದ.

ನಾನು ಆಯ್ತು ಅನ್ನುವವಳಿದ್ದೆ. ಬಂದ ಕೆಲಸ ಮುಗಿಯುತ್ತಿತ್ತು. ಅಷ್ಟರಲ್ಲಿ ಅಜ್ಜಿ ಕೇಳಿದಳು:

"ನಾಳಿ ನಿನಗ ಬ್ಯಾಡಾದ್ರ?"

"ತಗೀತೀನೇನು ಅಜ್ಜಿ?"

"ತಗೀತಿ ಅಂತ ಅನ್ನಂಗಿಲ್ಲ. ತಗೀಲಿಕ್ಕ ಬರತದಲ್ಲ." ಅವಳು ಎಲೆಅಡಿಕೆಯ ಚೀಲ ಬಿಚ್ಚುತ್ತಾ ನಿಧಾನವಾಗಿ ಹೇಳಿದಳು. "ನಾವು ಕುರಿ ತಗೊಂಡು ಎಷ್ಟೋ ಊರು ತಿರಗತೀವಿ. ಹೊಲದವ ನನ್ನ ಹೊಲಕ್ಕ ಬರಬ್ಯಾಡ ಅಂದ್ರ ನಾವು ಹೋಗಂಗಿಲ್ಲ. ಅಂವನ ಹೊಲ. ಆದ್ರ ಬಂಡಿ ಹಾದ್ಯಾಗ ನಿಂತು ಕರೇ ಕುರಿ ಹೋಗ್ಲಿ, ಬಿಳೀ ಕುರಿ ಬ್ಯಾಡ ಅಂತ ಯಾವ ಊರಾಗೂ ಯಾರೂ ಅಂದಿಲ್ಲ ನೋಡಪ್ಪ."

ಅವನಿಗೆ ಸಿಟ್ಟು ಬರಬಹುದೆಂದು ಅಂಜಿದೆ. ಬರಲಿಲ್ಲ. ಮೇಜಿನ ಖಾನೆ ಎಳೆದು ಒಂದು ಕಾಗದ ತೆಗೆದು ನನ್ನ ಮುಂದೆ ಇಟ್ಟ. ನನ್ನ ಅಕ್ಷರ. ಕೆಳಗೆ ಪಾಲಕರ ಸಹಿಗಳು.

"ಬಾಯಿ, ತಪ್ಪು ತಿಳ್ಕೋಬ್ಯಾಡ್ರಿ. ಹಾದ್ಯಾಗ ನಿಂದರು ಅಂತ ಮೊದಲ ನನಗ ಹೇಳಿದವರು ನೀವೇ."

ಪಟ್ಟಿಯಲ್ಲಿ ಹಾಕುವುದು ಬೇಡ, ವಿಚಾರ ಮಾಡಿ ಬರುತ್ತೇನೆ ಎಂದಷ್ಟೇ ಹೇಳಿ ಎದ್ದೆ. ಮೆಟ್ಟಿಲಿಳಿಯುವಾಗ ಅಜ್ಜಿ, "ಯಾ ಚಿಟ್ಠಿ ಅದು?" ಅಂತ ಕೇಳಿದಳು. ಮುಚ್ಚಿಡದೆ ಹೇಳಿದೆ. ಆಟೋ ಹತ್ತುವಾಗ ಅವಳು, "ನೀ ಹುಡುಗರ ಚಲೋದಕ್ಕ ಮಾಡೀದಿ. ಅಂವಾನೂ ಮಂದಿ ಚಲೋದಕ್ಕ ಅಂತಾನ" ಅಂದಳು. ಅದು ಬೈಗುಳವಾಗಿರಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಎರಡು ತಿಂಗಳು ನಾನು ಅತ್ತ ಹೋಗಲಿಲ್ಲ. ಅಷ್ಟರಲ್ಲಿ ಮತ್ತೆ ಪರೀಕ್ಷೆಯ ಕಾಲ ಬಂತು. ಪಾಲಕರ ಸಭೆಯಲ್ಲಿ ಹೆಡ್‌ಮಾಸ್ತರರು ಕಾಗದ, ಪೆನ್ನು ನನ್ನ ಮುಂದೆ ಸರಿಸಿದರು. ಈ ಸಲ ಬರೆಯುವುದಿಲ್ಲ ಎಂದೆ. ಒಬ್ಬ ತಂದೆ ಎದ್ದು, "ಹೋದ ವರ್ಷ ನೀವೇ ಬರದಿದ್ರಿ ಬಾಯಿ. ಈಗ ಏನಾಯ್ತು?" ಅಂದ. ಗಣಿತ ಕಲಿಯುತ್ತಿದ್ದ ಹುಡುಗಿಯ ಸಂಗತಿ ಹೇಳಿದೆ. ಅಜ್ಜಿಯ ಹಾಡಿನ ಸಂಗತಿಯನ್ನೂ ಹೇಳಿದೆ. ನಿಮ್ಮ ಮಗನ ಫೋನು ನೀವು ಕಸಿದುಕೊಳ್ಳಿರಿ, ಊರಿನದೆಲ್ಲ ಕಸಿಯಲು ಅವನಿಗೆ ಹೇಳಬೇಡಿರಿ ಎಂದೆ. ಹಿಂದಿನ ವರ್ಷ ಹೋಳಿಗೆ ತಂದಿದ್ದ ತಾಯಿ ಮುಖ ತಿರುಗಿಸಿಕೊಂಡು ಹೋದಳು. ಚಿಟ್ಠಿಯನ್ನು ಬೇರೆಯವರು ಬರೆದರು.

ಅದು ಮುಟ್ಟುವ ಮೊದಲೇ ನಾನು ಕೇಬಲ್‌ವಾಲಾನ ಹತ್ತಿರ ಹೋದೆ. ಹಳೆಯ ಚಿಟ್ಠಿಯಿಂದ ನನ್ನ ಸಹಿ ಹಿಂದೆ ತೆಗೆದುಕೊಳ್ಳುತ್ತೇನೆ ಎಂದು ಬರೆದು ಒಯ್ದಿದ್ದೆ. ಅವನು ಎರಡು ಸಲ ಓದಿದ. "ಲೈನ್ ಇಷ್ಟೇ ಅದ ಬಾಯಿ. ಅದಕ್ಕ ಏನು ಮಾಡ್ಲಿ?" ಅಂತ ಕೇಳಿದ, ನಿಜವಾಗಿಯೂ ಕೇಳುವವನಂತೆ.

"ಕಡಿಮಿ ಇದ್ರ ಕಡಿಮಿ ಕೊಡ್ರಿ. ಅಳದು ಕೊಡ್ರಿ, ಆರಿಸಿ ಕೊಡಬ್ಯಾಡ್ರಿ. ಒಂದು ಪಾವು ಜೋಳ ಕೊಟ್ಟು, ರೊಟ್ಟಿ ಮಾಡ್ತಾರೋ ನುಚ್ಚು ಮಾಡ್ತಾರೋ ಅವರಿಗಿ ಬಿಡ್ರಿ."

ಅವನು ಗೋಡೆಯ ದೀಪಗಳನ್ನು ನೋಡುತ್ತಾ ಕೂತ. "ಮಾಡಿ ನೋಡಬೇಕು" ಅಂದ.

ಮೊದಲು ಯೆಣೆಗೂರಿನ ಒಂದು ಢಾಬಾದಲ್ಲಿ ಮಾಡಿ ನೋಡಿದ. ಸಸ್ತಾ ಕೂಪನ್ನಿನಲ್ಲಿ ಎಲ್ಲ ಪುಟಗಳೂ ತೆರೆಯುತ್ತಿದ್ದವು, ಆದರೆ ಅಳತೆ ಮುಗಿದರೆ ಮುಗಿಯಿತು. ಢಾಬಾದವನು ಮೊದಲ ವಾರ ಕೂಗಾಡಿದ: ಕ್ರಿಕೆಟ್ ನಡುವೆಯೇ ನಿಂತು ಗಿರಾಕಿಗಳು ತನ್ನನ್ನು ಬೈಯುತ್ತಾರೆ ಎಂದು. ಆಮೇಲೆ ಮಂದಿಯೇ ಹೊಂದಿಕೊಂಡರು. ಇಡೀ ಆಟ ನೋಡುವ ಬದಲು ಸ್ಕೋರು ಓದಿದರು. ಶಾಲೆಯ ಹೊಸ ಚಿಟ್ಠಿಗೆ ಅವನು ಕೊಟ್ಟ ಉತ್ತರವೂ ನನಗೆ ಇಷ್ಟವಾಯಿತು. ಯಾರಿಗೆ ತಮ್ಮ ಮನೆಯಲ್ಲಿ ವಿಡಿಯೋ ಬೇಡವೋ ಅವರು ಬಂದು ಹೇಳಲಿ, ಅವರ ಮನೆಯದು ಮಾತ್ರ ನಿಲ್ಲಿಸುತ್ತೇನೆ ಎಂದ. ಹೊಸ ಚಿಟ್ಠಿಗೆ ಸಹಿ ಹಾಕಿದವರಲ್ಲಿ ಬಹಳ ಮಂದಿ ಹೋಗಲೇ ಇಲ್ಲ.

ನಿಲಂಗಾದ ಅಂಗಡಿಗೂ ಹೊಸ ಕೂಪನ್ ಬಂದ ವಾರ ನಾನು ದಾಳಿಂಬಕ್ಕೆ ಹೋದೆ. ಅಜ್ಜಿ ಅಂಗಳದಲ್ಲಿ ಉಣ್ಣೆ ನೂಲುತ್ತಿದ್ದಳು. ಹಾಡು ಮತ್ತೆ ಎಲ್ಲ ಕಡೆ ಬರುತ್ತಿದೆ ಎಂದು ಹೇಳಿ ಪೂರ್ತಿ ಕೇಳಿಸಿದೆ. ಕದಿರು ನಿಲ್ಲಿಸಿ ಕೇಳಿದಳು. ಮುಗಿದ ಮೇಲೆ, "ಒಂದು ನುಡಿ ಬಿಟ್ಟೀನಿ" ಅಂದಳು. "ಹೊಳಿ ದಾಟೋ ಮುಂದ ಬೀರಪ್ಪ ಹಿಂದ ಉಳದ ಮರಿ ಎಣಸ್ತಾನ. ಅದು ಬಿಟ್ಟೀನಿ. ಮೊದಲಿಂದ ಹಿಡಿ."

ಕುರಿಗಳು ಒದರುತ್ತಿದ್ದವು, ರಸ್ತೆಯಲ್ಲಿ ಲಾರಿಗಳು ಹೋಗುತ್ತಿದ್ದವು. ಅವಳು ಮೊದಲಿನಿಂದ ಕೊನೆಯ ತನಕ ಹಾಡಿದಳು. ಹಳೆಯದನ್ನು ತೆಗೆದುಬಿಡಲೇ ಎಂದು ಕೇಳಿದೆ. "ಇರ್ಲಿ. ಎರಡೂ ನಾನೇ" ಅಂದಳು. ಎರಡೂ ಈಗಲೂ ಪುಟದಲ್ಲಿವೆ.

ಕೆಲವು ತಿಂಗಳಾದ ಮೇಲೆ ಕೇಬಲ್‌ವಾಲಾ ಪೇಪರು ಹಿಡಿದುಕೊಂಡು ಶಾಲೆಗೆ ಬಂದ. ಕಂಪನಿಗಳು ಕೆಲವು ಪುಟಗಳಿಗೆ ಒಂದು ದರ, ಉಳಿದವುಗಳಿಗೆ ಇನ್ನೊಂದು ದರ ಇಡಬಾರದೆಂದು ದೇಶಕ್ಕೆಲ್ಲ ನಿಯಮ ಬಂದಿತ್ತು. ದೂರದ ದೊಡ್ಡ ಊರುಗಳಲ್ಲಿ ಲಕ್ಷಾಂತರ ಮಂದಿ ಇದಕ್ಕಾಗಿ ಪತ್ರ ಬರೆದಿದ್ದರಂತೆ. ನಮಗೆ ಅದು ಗೊತ್ತೇ ಇರಲಿಲ್ಲ. "ನಾವು ಅವರಕಿಂತ ಮೊದಲ ಮಾಡಿದ್ವಿ ನೋಡ್ರಿ ಬಾಯಿ" ಅಂದ. ನಾವು ಎಂದದ್ದು ಕೇಳಿ ನನಗೆ ಹಿತವಾಯಿತು.

ಆದರೆ ಅವನ ಕೂಪನ್ನುಗಳ ಕಾಲವೂ ಮುಗಿಯುತ್ತಾ ಬಂದಿತ್ತು. ಮೊಬೈಲಿನಲ್ಲಿಯೇ ಇಂಟರ್ನೆಟ್ ಅಗ್ಗವಾಯಿತು. ಹೊಲದಲ್ಲಿ, ಬಸ್ಸಿನಲ್ಲಿ ಎಲ್ಲೆಂದರಲ್ಲಿ ಸಿಗತೊಡಗಿತು. ಚಹಾದ ಅಂಗಡಿಗಳಿಂದ ಪೆಟ್ಟಿಗೆಗಳು ಒಂದೊಂದಾಗಿ ಇಳಿದವು. ಅವನು ಸಿಸಿಟಿವಿ ಕ್ಯಾಮೆರಾ ಹಾಕುವ ಕೆಲಸ ಹಿಡಿದ. ಕಳೆದ ವರ್ಷ ಜಳಕೋಟದ ಒಂದು ಮದುವೆಗೆ ಹೋಗುವಾಗ ನಿಲಂಗಾದಲ್ಲಿ ಅದೇ ಅಂಗಡಿಯ ಮುಂದೆ ಇಳಿದೆ. ಕುರುಬರು ಕೂತಿದ್ದರು. ಎಲ್ಲರ ಕಿವಿಯಲ್ಲೂ ವಾಯರು, ಒಬ್ಬೊಬ್ಬರದು ಒಂದೊಂದು ಹಾಡು. ಎಲ್ಲರಿಗೂ ಬೇಕಾದದ್ದು ಸಿಗುತ್ತಿದೆ, ನಾವು ಕೇಳಿದ್ದೂ ಅದನ್ನೇ. ಆದರೂ ಒಂದು ಫೋನಿನ ಸುತ್ತ ಏಳೆಂಟು ಕಂಬಳಿಗಳು ಕೂಡಿದ್ದ ಆ ಮಧ್ಯಾಹ್ನ ಇನ್ನೊಮ್ಮೆ ಬರಲಿ ಎಂದು ಮನಸ್ಸು ಬಯಸಿತು. ಅಜ್ಜಿ ಅಷ್ಟರಲ್ಲಿ ತೀರಿಕೊಂಡಿದ್ದಳು. ಅವಳ ಮುದುಕ ಕುರಿಗಳನ್ನು ಮಕ್ಕಳಿಗೆ ಒಪ್ಪಿಸಿ ದಾಳಿಂಬದಲ್ಲೇ ಇರುತ್ತಾನೆ.

ಈ ಬೇಸಗೆಯಲ್ಲಿ ನಮ್ಮ ಬಾಗಿಲಿಗೆ ಕ್ಯಾಮೆರಾ ಹಾಕಲು ಕೇಬಲ್‌ವಾಲಾ ಬಂದಿದ್ದ. ಈಗ ಏಣಿ ಹತ್ತುವುದಿಲ್ಲ, ಮೊಣಕಾಲು ನೋವು. ಕೆಲಸದವರು ಹತ್ತಿದರು, ಅವನು ಪಡಸಾಲೆಯಲ್ಲಿ ಕೂತ. ಮಾತಿನ ನಡುವೆ, "ಖರೇ ಹೇಳ್ಲೇನು ಬಾಯಿ? ಆ ಅಜ್ಜಿ ಹಾಡು ನಾ ಒಂದು ದಿವಸನೂ ಕೇಳಿಲ್ಲ" ಅಂದ. ಅಷ್ಟೆಲ್ಲ ಆದ ಮೇಲೂ ಕೇಳಿರಲಿಲ್ಲ. ನಾನು ಫೋನು ಅವನ ಕೈಗೆ ಕೊಟ್ಟೆ.

ಅವನು ಫೋನನ್ನು ಕಿವಿಗೆ ಹಿಡಿದು ಕೇಳಿದ. ಹೊಳೆ ದಾಟುವ ನುಡಿ ಬಂದಾಗ ಕೈ ಎತ್ತಿ, "ಇದು ಹಿಂಗಲ್ಲ" ಅಂದ. "ನಮ್ಮವ್ವ ಬ್ಯಾರೆ ಹಾಡ್ತಿದ್ದಳು. ಆಕಿದು ಭಾಲ್ಕಿ ಕಡಿ ತವರುಮನಿ. ನನಗ ಮಲಗಸೋ ಮುಂದ ಹಾಡ್ತಿದ್ದಳು. ಮನ್ಯಾಗ ಎಲ್ಲಾ ಮರಾಠಿ, ಆಕಿ ಹಾಡಷ್ಟೇ ಕನ್ನಡ."

"ಹಾಡ್ರಿ ಮತ್ತ" ಅಂದೆ.

"ನನಗ ಎಲ್ಲಿ ಬರ್ತದರಿ."

"ಬಂದಷ್ಟು ಹಾಡ್ರಿ."

ಬಾಗಿಲಲ್ಲಿ ಏಣಿಯ ಮೇಲಿದ್ದ ಕೆಲಸದವರ ಕಡೆ ಒಮ್ಮೆ ನೋಡಿದ. ಆಮೇಲೆ ಗಂಟಲು ಸರಿಮಾಡಿಕೊಂಡು, ನೆಲ ನೋಡುತ್ತಾ, ನಾಲ್ಕು ಸಾಲು ಹಾಡಿದ. ಐದನೆಯದು ನೆನಪಾಗಲಿಲ್ಲ. ನಾನು ಫೋನಿನಲ್ಲಿ ತುಂಬಿಕೊಂಡೆ. ಅಡುಗೆಮನೆಯಲ್ಲಿ ಕುಕ್ಕರಿನ ಸೀಟಿ ಆದದ್ದೂ ಅದರಲ್ಲಿ ಬಂದಿದೆ. ಅವನನ್ನು ಕೇಳಿಯೇ ಪುಟದಲ್ಲಿ ಹಾಕಿದೆ. ಈಗ ಐದನೆಯ ಸಾಲು ಗೊತ್ತಿರುವ ಯಾರಾದರೂ ಭಾಲ್ಕಿಯಲ್ಲಿ ಸಿಗುತ್ತಾರೇನೋ ಎಂದು ಅವನು ವಿಚಾರಿಸುತ್ತಿದ್ದಾನೆ.